ಹಳೇ ಅಡಿಕೆ ಪತ್ರಿಕೆಗೆ ಹಿಡಿದ ಹುಳ ಕೊನೆಗೂ ಹೋಯ್ತು

1988ರಲ್ಲಿ ಪುತ್ತೂರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಅನ್ನೋ ಕೃಷಿ ಮಾಸಿಕದ ಹಳೇ ಸಂಚಿಕೆಗಳನ್ನ ಸೇರಿಸ್ತಾ ಇದೀನಿ, ಮಳೆಗಾಲ ಬಂದ್ರೆ ಹಾಳೆ ಮಧ್ಯೆ ಬಿಳಿ ನುಸಿ ಓಡಾಡೋದು, ಸಿಲ್ವರ್‌ಫಿಶ್ ಅನ್ನೋ ಬೆಳ್ಳಿ ಬಣ್ಣದ ಹುಳ ಅಂಚು ತಿಂದು ಹಾಕೋದು. ನುಸಿಗುಳಿಗೆ, ಬೇವಿನೆಲೆ ಎರಡಕ್ಕೂ ಬಗ್ಗಲಿಲ್ಲ. ಬಿಸಿಲಿಗೆ ಹಾಕಿದ್ದಕ್ಕೆ ಹಾಳೆ ಹಳದಿಯಾಗಿ ಮುರುಟಿಕೊಂಡ್ತು, ಅದನ್ನಂತೂ ಮಾಡ್ಲೇಬೇಡಿ.

ಕೆಲಸ ಮಾಡಿದ್ದು ಫ್ರೀಜರ್. ಮೊದಲು ತುಕ್ಕು ಹಿಡಿದ ಪಿನ್ ತೆಗೆದು, ಫ್ಯಾನ್ ಕೆಳಗೆ ಎರಡು ದಿನ ಒಣಗಿಸಿ, ಐದೈದು ಸಂಚಿಕೆ ಜಿಪ್ ಕವರಿಗೆ ಹಾಕಿ ಗಾಳಿ ಒತ್ತಿ ತೆಗೆದು ಮೈನಸ್ 18 ಡಿಗ್ರೀಲಿ 14 ದಿನ ಇಟ್ಟೆ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬಾರದು, 24 ಗಂಟೆ ಹಾಗೇ ಬಿಡಿ, ಇಲ್ಲಾಂದ್ರೆ ತಣ್ಣಗಿರೋ ಕಾಗದದ ಮೇಲೆ ನೀರು ಕೂತ್ಕೊಳ್ಳುತ್ತೆ. ಆಮೇಲೆ ಮೆತ್ತನೆ ಬ್ರಶ್ಶಲ್ಲಿ ಸತ್ತ ಹುಳ ಗುಡಿಸಿ, ಅದೇ ಪಿನ್ ತೂತಲ್ಲಿ ಹತ್ತಿ ದಾರ ಹೊಲಿದು, ತೇವ ಹೀರೋ ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಹಾಕಿದೆ.