ಬೆನ್ನ ಮೇಲೆ ಹೆಸರಿಲ್ಲದ ಪುಸ್ತಕಗಳ ಹಿಂದೆ ಬಿದ್ದು ನಾನು ಗೆದ್ದ ಕಥೆ

"ಲೈಬ್ರರಿ ಸೀಲು ಬಿದ್ದ ಪುಸ್ತಕವನ್ನು ಯಾರು ಸ್ವಾಮಿ ಕೊಳ್ತಾರೆ?" ಲೈಬ್ರರಿಗಳು ಬೇಡವೆಂದು ಹೊರಹಾಕುವ ಹಳೇ ಪುಸ್ತಕಗಳನ್ನು ಕೊಂಡು ಮಾರುವ ನನಗೆ ಈ ಮಾತನ್ನು ಹೇಳದವರೇ ಇಲ್ಲ. ಹಳೆ ಪುಸ್ತಕದ ವ್ಯಾಪಾರದಲ್ಲಿ ಪಳಗಿದವರು ಹೇಳಿದರು. ನನ್ನ ಭಾವಮೈದ ಹೇಳಿದ. ನನ್ನ ಹೆಂಡತಿಯಂತೂ ನಾನು ಹಾಲ್‌ನಲ್ಲಿ ಚೀಲ ಇಳಿಸಿದಾಗಲೆಲ್ಲ ಹೇಳಿದಳು. ಈಗ ಯಾರೂ ಹೇಳುತ್ತಿಲ್ಲ. ಕಳೆದ ಎರಡು ವರ್ಷದ ಲೆಕ್ಕ ನೋಡಿದರೆ ಹಾಕಿದ ದುಡ್ಡಿಗೆ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ವಾಪಸ್ ಬಂದಿದೆ, ಅದರ ಮೇಲೆ ಮಾರದೆ ಇಟ್ಟುಕೊಂಡ ಒಂದು ಬೀರು ಪುಸ್ತಕ ಬೇರೆ ಇದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಮಂಡ್ಯದಲ್ಲಿ. ದಿನಾ ಮೆಮು ರೈಲಿನಲ್ಲಿ ಓಡಾಟ. ಈ ಓಡಾಟವೇ ನನ್ನ ಬಂಡವಾಳ ಅನ್ನಬಹುದು. ನಮ್ಮ ಕಡೆ ಲೈಬ್ರರಿ ಸೇಲ್ ಅಂದರೆ ಪೇಪರ್‌ನಲ್ಲಿ ಜಾಹೀರಾತು ಕೊಟ್ಟು ಮಾಡುವಂಥದ್ದೇನೂ ಅಲ್ಲವಲ್ಲ. ಶಾಲೆಯೋ ಸಂಘದ ವಾಚನಾಲಯವೋ ಜಾಗ ಸಾಲದೆ ಹಳೆಯದನ್ನು ಹೊರಗೆ ಹಾಕುತ್ತದೆ, ನೋಟಿಸ್ ಬೋರ್ಡಿನಲ್ಲಿ 'ಹಳೆಯ ಪುಸ್ತಕಗಳ ವಿಲೇವಾರಿ' ಅಂತ ಒಂದು ಚೀಟಿ ಅಂಟಿಸುತ್ತಾರೆ, ಅಷ್ಟೇ. ಇಲ್ಲವೇ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಲೈಬ್ರರಿ ಬಾಗಿಲು ಹಾಕುತ್ತದೆ. ಅದೂ ಗೊತ್ತಾಗದೆ ಹೋದರೆ ಎಲ್ಲ ಒಟ್ಟಿಗೆ ಗುಜರಿಗೆ ಹೋಗಿ, ಅಲ್ಲಿಂದ ಕಾಗದದ ಕಾರ್ಖಾನೆಗೆ ಹೋಗಿಬಿಡುತ್ತದೆ.

ಮೊದಲು ಕಳೆದುಕೊಂಡದ್ದನ್ನು ಹೇಳುತ್ತೇನೆ.

ಕೊರೊನಾ ಕಳೆದ ಮೇಲೆ ಮೈಸೂರಿನಲ್ಲಿ ಒಂದು ಬಾಡಿಗೆ ಲೈಬ್ರರಿ ಮುಚ್ಚಿತು. ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳು, ಒಂದಕ್ಕೆ 10 ರೂಪಾಯಿ. ಇಷ್ಟು ಅಗ್ಗಕ್ಕೆ ಮತ್ತೆಲ್ಲಿ ಸಿಗುತ್ತೆ ಅಂತ ಸುಮಾರು 180 ಎತ್ತಿಕೊಂಡು ಬಂದೆ. ಆಟೋಗೆ ಬೇರೆ 200. ಒಂದೂವರೆ ವರ್ಷದಲ್ಲಿ ಮಾರಿದ್ದು ಮೂವತ್ತು ಇರಬಹುದು. ಉಳಿದದ್ದು ಕಿಲೋಗೆ 12 ರೂಪಾಯಿಯಂತೆ ಗುಜರಿಗೆ ಹೋಯಿತು. ಆ ಪುಸ್ತಕಗಳ ಡೇಟ್ ಸ್ಲಿಪ್, ಅಂದರೆ ಪುಸ್ತಕ ವಾಪಸ್ ಕೊಡಬೇಕಾದ ತಾರೀಖಿನ ಸೀಲು ಹೊಡೆಯುವ ಚೀಟಿ, ನಾನು ನೋಡಿರಲೇ ಇಲ್ಲ. ಒಂದೊಂದರಲ್ಲೂ ಎರಡು ಮೂರು ಸ್ಲಿಪ್ ಒಂದರ ಮೇಲೊಂದು ಅಂಟಿಸಿ ತುಂಬಿಹೋಗಿದ್ದವು. ನೂರು ಕೈ ದಾಟಿದ ಪೇಪರ್‌ಬ್ಯಾಕು, ಮಧ್ಯಕ್ಕೆ ಬಿಡಿಸಿದರೆ ಸಾಕು, ಹಾಳೆ ಕಳಚಿ ಕೈಗೆ ಬರುತ್ತಿತ್ತು.

ಎರಡನೆಯದು ಇನ್ನೂ ನೋವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ. ಒಟ್ಟು 14 ಸಂಪುಟ, ಮೊದಲನೆಯದು ಬಂದದ್ದು 1969ರಲ್ಲಿ. ಒಂದು ಶಾಲೆಯಲ್ಲಿ 9 ಸಂಪುಟ ಇತ್ತು, ನೋಡಿದ ತಕ್ಷಣ ಆಸೆ ತಡೆಯಲಾಗಲಿಲ್ಲ, 2,000ಕ್ಕೋ 2,200ಕ್ಕೋ ತಂದೆ. ಉಳಿದ ಐದು ಎಲ್ಲಾದರೂ ಸಿಕ್ಕೇ ಸಿಗುತ್ತೆ ಅಂತ ಧೈರ್ಯ. ಇಂದಿಗೆ ಎರಡು ಸಿಕ್ಕಿವೆ. ಕೇಳಿಕೊಂಡು ಬಂದವರೆಲ್ಲ "ಪೂರ್ತಿ ಸೆಟ್ ಇದೆಯಾ ಸಾರ್?" ಅಂತಲೇ ಕೇಳುತ್ತಾರೆ, ಇಲ್ಲ ಅಂದರೆ ಫೋನ್ ಇಟ್ಟುಬಿಡುತ್ತಾರೆ. ಒಡೆದ ಸೆಟ್ಟಿಗೆ ಕೈ ಹಾಕಬೇಡಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಹಳೇ ಕಂಪ್ಯೂಟರ್ ಪುಸ್ತಕ, ಇವು ಹಳತಾದರೆ ಯಾರೂ ಕೊಳ್ಳುವುದಿಲ್ಲ, ನಿಮಗೆ ಹೇಳಬೇಕಾದ್ದೇ ಇಲ್ಲ.

ಒಟ್ಟಿನಲ್ಲಿ ಮೊದಲ ವರ್ಷ ಹತ್ತಿರಹತ್ತಿರ 9,000 ಹಾಕಿ 2,500 ನೋಡಿದೆ. ಭಾವಮೈದ ಆಡಿಕೊಂಡದ್ದು ಆಗಲೇ.

ದಾರಿ ಕಂಡದ್ದು ಮಂಡ್ಯ ಕಡೆಯ ಒಂದು ಶಾಲೆಯಲ್ಲಿ. ಹೆಡ್‌ಮಾಸ್ಟರು ಮೀಟಿಂಗ್‌ನಲ್ಲಿದ್ದರು, ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದೆ. ಮೇಜಿನ ಮೇಲೆ ರದ್ದು ಮಾಡಿದ ಪುಸ್ತಕಗಳ ಪಟ್ಟಿ ಇತ್ತು, ಏಳೆಂಟು ಹಾಳೆ. ಸುಮ್ನೆ ಕಣ್ಣಾಡಿಸಿದೆ. ಹೆಸರುಗಳು ಅರ್ಧಂಬರ್ಧ, ಲೇಖಕರ ಜಾಗದಲ್ಲಿ ಬರೀ ಗೀಟು. ಆದರೆ ಅಕ್ಸೆಷನ್ ನಂಬರ್ ಮಾತ್ರ ಎಲ್ಲದಕ್ಕೂ ಇತ್ತು. ಆಗ ಹೊಳೆಯಿತು. ಪುಸ್ತಕ ಲೈಬ್ರರಿಗೆ ಬಂದ ಸರದಿಯಲ್ಲಿ ಈ ನಂಬರ್ ಬೀಳುತ್ತದೆ ಅನ್ನುವುದು ನಮಗೆಲ್ಲ ಗೊತ್ತಿದ್ದದ್ದೇ, ಅಂದರೆ ನಂಬರ್ ಚಿಕ್ಕದಾದಷ್ಟೂ ಪುಸ್ತಕ ಅಲ್ಲಿಗೆ ಬಂದು ಜಾಸ್ತಿ ವರ್ಷ ಆಗಿದೆ, ಹಾಗಿದ್ದ ಮೇಲೆ ಪುಸ್ತಕದ ರಾಶಿಯನ್ನು ಮುಟ್ಟುವ ಮೊದಲೇ ಹಾಳೆಯ ಮೇಲೆಯೇ ಅರ್ಧ ಆಯ್ಕೆ ಮುಗಿಸಬಹುದಲ್ವಾ! 500ರ ಒಳಗಿನ ನಂಬರ್‌ಗಳನ್ನು ಟಿಕೆಟ್ ಹಿಂದೆ ಗೀಚಿಕೊಂಡೆ. ಅವತ್ತು 22 ಪುಸ್ತಕ ತಂದೆ, 400 ರೂಪಾಯಿ ಚಿಲ್ಲರೆ ಆಯಿತು. ಮೂರು ತಿಂಗಳಲ್ಲಿ ಅದರಲ್ಲಿ 14 ಹೋದವು, ಕೈಗೆ ಬಂದದ್ದು 2,300ರ ಆಸುಪಾಸು. ಮೊದಲ ಸಲ ಲಾಭ ಕಂಡೆ.

ಇನ್ನೊಂದು ವಿಷಯ ಪುಸ್ತಕದ ಬೆನ್ನಿನದು, ಅಂದರೆ ಹೊಲಿಗೆ ಇರುವ ಅಂಚಿನದು. ಲೈಬ್ರರಿಯ ಹಳೇ ಪುಸ್ತಕಗಳ ಮೂಲ ರಟ್ಟು ಎಂದೋ ಕಿತ್ತುಹೋಗಿರುತ್ತದೆ. ಐವತ್ತು ನೂರು ಒಟ್ಟುಮಾಡಿ ಬೈಂಡಿಂಗ್‌ಗೆ ಕಳಿಸಿರುತ್ತಾರೆ. ಬೈಂಡರ್ ಎಲ್ಲದಕ್ಕೂ ಒಂದೇ ಕಂದು ಕ್ಯಾಲಿಕೋ ಬಟ್ಟೆ ಸುತ್ತಿ, ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ನಾಲ್ಕಕ್ಷರ ಬರೆದು ಕೊಟ್ಟಿರುತ್ತಾನೆ. ಇಪ್ಪತ್ತು ಮೂವತ್ತು ವರ್ಷಕ್ಕೆ ಆ ಬಣ್ಣ ಉದುರಿ, ಪುಸ್ತಕ ಹೆಸರಿಲ್ಲದ ಇಟ್ಟಿಗೆಯ ಹಾಗೆ ಕಾಣುತ್ತದೆ. ಸೇಲಿಗೆ ಬರುವವರು ಬೆನ್ನು ಓದಿಕೊಂಡು ಸರಸರ ಹೋಗುತ್ತಾರೆ, ಹೆಸರು ಕಾಣದಿದ್ದರೆ ಕೈ ಹಾಕುವುದಿಲ್ಲ. ನಾನು ಅವನ್ನು ಮಾತ್ರ ಎಳೆಯುತ್ತೇನೆ. ದಾರ ಹಾಕಿ ಮತ್ತೆ ಹೊಲಿದಿರುವುದರಿಂದ ಒಳಗಿನ ಹಾಳೆ ಗಟ್ಟಿಯಾಗಿ ನಿಂತಿರುತ್ತದೆ. ಚಿಕ್ಕ ಅಕ್ಸೆಷನ್ ನಂಬರ್, ಹೆಸರಿಲ್ಲದ ಬೆನ್ನು, ಖಾಲಿ ಡೇಟ್ ಸ್ಲಿಪ್. ಈ ಮೂರೂ ಒಟ್ಟಿಗೆ ಸಿಕ್ಕರೆ ನಾನು ಬೆಲೆ ಕೇಳುವ ಮೊದಲೇ ಚೀಲಕ್ಕೆ ಹಾಕುತ್ತೇನೆ.

ಮೊದಲ ದಿನ ಬೆಳಗ್ಗೆಯೇ ಹೋಗಬೇಕು ಅನ್ನುವವರಿದ್ದಾರೆ. ನಾನು ಹೋಗುವುದು ಕೊನೆಯ ದಿನ ಮಧ್ಯಾಹ್ನ. ಆಗ ಬೆಲೆ ಬಿಟ್ಟು ತೂಕಕ್ಕೆ ಬಂದಿರುತ್ತದೆ, ನನ್ನ ಪುಸ್ತಕಗಳು ಇದ್ದಲ್ಲೇ ಇರುತ್ತವೆ. ಲೈಬ್ರರಿಯವರು ವಿಷಯಕ್ಕೊಂದರಂತೆ ಕೊಡುವ ಸಂಖ್ಯೆಯಲ್ಲಿ 894.814 ಅಂತ ಚೀಟಿ ಇರುವ ಕನ್ನಡ ಸಾಹಿತ್ಯದ ಕಡೆ ಜನ ಮುಗಿಬಿದ್ದಿರುತ್ತಾರೆ. ನಾನು ನೇರ 954ರ ಚರಿತ್ರೆಗೆ, ಆಮೇಲೆ 630ರ ಬೇಸಾಯಕ್ಕೆ ಹೋಗುತ್ತೇನೆ. ಮಂಡ್ಯದಲ್ಲಿ ಕಬ್ಬಿನ ಬೇಸಾಯದ ಹಳೇ ಕಿರುಹೊತ್ತಿಗೆಗೂ ಕೊಳ್ಳುವವರಿದ್ದಾರೆ. ಪುಸ್ತಕ ತೆರೆದ ಮೇಲೆ ನಾನು ಮೊದಲು ನೋಡುವ ಜಾಗ ಒಂದಿದೆ, ಅದೊಂದನ್ನು ನಾನು ಹೇಳುವುದಿಲ್ಲ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ಪುಸ್ತಕ. ಮಂಡ್ಯ ಜಿಲ್ಲೆಯ ಒಂದೂರಿನ ವಾಚನಾಲಯ, ಎರಡು ದಿನದ ಸೇಲ್, ಎರಡನೇ ದಿನ ಮೂರು ಗಂಟೆ ಇರಬೇಕು. ಕಿಲೋಗೆ 30 ರೂಪಾಯಿ ಆಗಿತ್ತು. ಕೆಳಗಿನ ಸಾಲಿನಲ್ಲಿ ಗೋಡೆಗೆ ಒತ್ತಿಕೊಂಡು ಒಂದು ದೊಡ್ಡ ಅಳತೆಯ ಕಂದು ಪುಸ್ತಕ. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ '3' ಅಂತ ಒಂದೇ ಒಂದು ಅಂಕಿ ಉಳಿದಿತ್ತು. "ಅದು ಮೂರನೇ ಕ್ಲಾಸಿನದ್ದು ಏನೋ ಇರ್ಬೇಕು ಬುಡಿ ಸಾರ್" ಅಂದ ಅಲ್ಲಿದ್ದ ಹುಡುಗ. ಎಳೆದೆ, ಧೂಳು ಊದಿದೆ, ತೆರೆದೆ. ಮುಖಪುಟದ ಮೇಲಿನ ಮೂಲೆ ಗೆದ್ದಲು ತಿಂದು ಅರ್ಧಚಂದ್ರ ಆಗಿತ್ತು. ಕೆಳಗೆ 1894 ಅಂತ ಇತ್ತು. ಹಳೇ ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ, ಮೂರನೇ ಸಂಪುಟ. ಆಗ ಮಂಡ್ಯ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆದದ್ದು 1939ರಲ್ಲಿ, ಹಾಗಾಗಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣದ ಶಾಸನಗಳೆಲ್ಲ ಮೈಸೂರು ಜಿಲ್ಲೆ ಅನ್ನುವ ಹೆಸರಿನಡಿ ಇದೇ ಸಂಪುಟದಲ್ಲಿವೆ. ಅಲ್ಲೇ ನೆಲದ ಮೇಲೆ ಕೂತು ಆತಕೂರಿನ ಶಾಸನ ಹುಡುಕಿದೆ. ಕಾಳಿ ಅನ್ನುವ ನಾಯಿ ಹಂದಿಯ ಜೊತೆ ಕಾದಾಡಿ ಸತ್ತಿತು, ಅದಕ್ಕಾಗಿ ನಿಲ್ಲಿಸಿದ ಕಲ್ಲು, ಹತ್ತನೇ ಶತಮಾನದ್ದು. ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದ ಕಥೆ. ಅದು ಕನ್ನಡ ಅಕ್ಷರದಲ್ಲಿ ನನ್ನ ತೊಡೆಯ ಮೇಲೆ ಇತ್ತು. ಕೈ ನಡುಗಿತು, ಸುಳ್ಳಲ್ಲ.

ತಕ್ಕಡಿಗೆ ಇಟ್ಟರು. ಉಳಿದ ಪುಸ್ತಕವೂ ಸೇರಿ 640 ರೂಪಾಯಿ ಆಯಿತು. ದುಡ್ಡು ಕೊಟ್ಟ ಮೇಲೆ ಮನಸ್ಸು ತಡೆಯದೆ ಕಾರ್ಯದರ್ಶಿಗಳಿಗೆ ತೋರಿಸಿದೆ, ಇದು ಇಂಥಾದ್ದು, ಬೇಕಿದ್ದರೆ ಇಟ್ಟುಕೊಳ್ಳಿ ಅಂದೆ. ಎಪ್ಪತ್ತು ದಾಟಿದವರು, ಕನ್ನಡಕ ಏರಿಸಿ ನಾಲ್ಕು ಪುಟ ತಿರುವಿದರು. "ಇಲ್ಲಿದ್ದರೆ ಮಿಕ್ಕಿದ್ದನ್ನೂ ಗೆದ್ದಲು ತಿನ್ನುತ್ತೆ ಕಣಪ್ಪಾ, ಓದೋರ ಕೈಗೆ ಕೊಡು" ಅಂದು ವಾಪಸ್ ಕೊಟ್ಟರು. ಎಂಟು ತಿಂಗಳು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಆಮೇಲೆ ಮಳವಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು, ಊರೂರು ಅಲೆದು ಕಲ್ಲು ಓದುವವರು, ಬಂದು 5,500 ಕೊಟ್ಟು ಒಯ್ದರು. ಮೂಲೆ ಹೋಗಿದ್ದಕ್ಕೆ ಅಷ್ಟು. ಸೀಲಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಸೀಲು ಅಂದ ಕೂಡಲೇ ನೆನಪಾಯಿತು. ಮೊದಮೊದಲು ನಾನು ರಸೀದಿ ಕೇಳುತ್ತಿರಲಿಲ್ಲ. ಒಂದು ಸಲ ಕೊಳ್ಳಲು ಬಂದವರು ಒಳಗಿನ ಸೀಲು ನೋಡಿ, "ಇದು ಕದ್ದ ಮಾಲಾ?" ಅಂತ ಎಲ್ಲರ ಮುಂದೆ ಕೇಳಿಬಿಟ್ಟರು. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಈಗ 'ರದ್ದು' ಸೀಲು ಹೊಡೆಸದೆ ಒಂದು ಪುಸ್ತಕವನ್ನೂ ಹೊರಗೆ ತರುವುದಿಲ್ಲ, ನಂಬರ್ ಬರೆದ ರಸೀದಿಯ ಜೆರಾಕ್ಸ್ ಪುಸ್ತಕದೊಳಗೇ ಇಟ್ಟು ಕೊಡುತ್ತೇನೆ. ಇದಾದ ಮೇಲೆ ಚೌಕಾಸಿಯೂ ಕಡಿಮೆ ಆಗಿದೆ.

ಪತ್ರಿಕೆಗಳ ಬೈಂಡ್ ಸಂಪುಟ ಇನ್ನೊಂದು ಒಳ್ಳೆಯ ದಾರಿ. ಚಂದಮಾಮ, ಕಸ್ತೂರಿ, ಮಯೂರ. ಇಲ್ಲಿ ಮೋಸ ಆಗುವುದು ಬೈಂಡರ್ ಕೈಯಲ್ಲಿ. ಹೊದಿಕೆ ಪುಟಗಳನ್ನು ಕಿತ್ತುಹಾಕಿ, ಅಂಚು ಕತ್ತರಿಸಿ ಹೊಲಿದಿರುತ್ತಾರೆ. ಚಂದಮಾಮದ ಒಂದು ವರ್ಷದ ಸಂಪುಟ ಹೊದಿಕೆಗಳ ಸಮೇತ ಇದ್ದರೆ ನನಗೆ 1,200ರವರೆಗೂ ಬಂದಿದೆ. ಹೊದಿಕೆ ಇಲ್ಲದ್ದು 400 ದಾಟಲಿಲ್ಲ. ಎರಡಕ್ಕೂ ನಾನು ಕೊಟ್ಟದ್ದು ನಲವತ್ತೋ ಐವತ್ತೋ.

ಹುಳದ ಕಾಟಕ್ಕೆ ನಾನು ಮಾಡದ ಪ್ರಯೋಗ ಇಲ್ಲ. ನುಸಿಗುಳಿಗೆ ಇಟ್ಟರೆ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ, ಒಬ್ಬರು ತಲೆನೋವು ಅಂತ ಪುಸ್ತಕ ವಾಪಸ್ ತಂದುಕೊಟ್ಟರು. ಬೇವಿನ ಸೊಪ್ಪು ಒಣಗಿ ಪುಡಿಯಾಗಿ ಹಾಳೆಗೆ ಕಲೆ ಮಾಡಿತು. ಕೊನೆಗೆ ಫ್ರೀಜರ್. ಎರಡು ಪ್ಲಾಸ್ಟಿಕ್ ಕವರ್ ಹಾಕಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ ಒಂದು ವಾರ ಇಡುತ್ತೇನೆ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬಾರದು, ಪೂರ್ತಿ ಒಂದು ದಿನ ಹಾಗೇ ಬಿಡಬೇಕು, ಇಲ್ಲದಿದ್ದರೆ ಹಾಳೆಗೆ ನೀರು ಕೂರುತ್ತದೆ. ಇದನ್ನು ಕಲಿಯಲು ಎರಡು ಪುಸ್ತಕ ಹಾಳಾದವು. "ತರಕಾರಿ ಎಲ್ಲಿಡ್ಲಿ ಹೇಳ್ರೀ?" ಅಂತ ಹೆಂಡತಿ ಜಗಳ ತೆಗೆದಳು, ಈಗ ತಿಂಗಳಿಗೆ ಒಂದು ವಾರ ಮಾತ್ರ ಅಂತ ಒಪ್ಪಂದ ಆಗಿದೆ. ಮುಗ್ಗಲು ವಾಸನೆಗೆ ಅಡಿಗೆ ಸೋಡದ ಬಟ್ಟಲು ಜೊತೆಗಿಟ್ಟು ಡಬ್ಬದಲ್ಲಿ ಮುಚ್ಚಿಡುತ್ತೇನೆ, ಅರ್ಧ ಹೋಗುತ್ತದೆ, ಪೂರ್ತಿ ಹೋಗಲ್ಲ. ಬೆನ್ನ ಮೇಲಿನ ಚೀಟಿ ತೆಗೆಯಲು ಒದ್ದೆ ಬಟ್ಟೆ ಹಾಕಿದರೆ ಕ್ಯಾಲಿಕೋ ಬಣ್ಣ ಬಿಡುತ್ತದೆ. ಹೇರ್ ಡ್ರೈಯರ್ ಬಿಸಿ ಸಾಕು. ಈಚೆಗೆ ಚೀಟಿ ತೆಗೆಯುವುದನ್ನೇ ಬಿಟ್ಟಿದ್ದೇನೆ, ಅದಿದ್ದರೆ ಕೆಲವರಿಗೆ ಇನ್ನೂ ಇಷ್ಟ.

ಸೆಲೋಟೇಪ್ ಹಚ್ಚಬೇಡಿ, ದಯವಿಟ್ಟು. ಹರಿದದ್ದನ್ನು ನಾನು ಮೈಸೂರಿನ ಒಬ್ಬ ವಯಸ್ಸಾದ ಬೈಂಡರ್ ಹತ್ತಿರ ಕೊಡುತ್ತೇನೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸುತ್ತಾರೆ, ಹುಳ ಹತ್ತಿರ ಬರುವುದಿಲ್ಲ. ಪುಸ್ತಕಕ್ಕೆ 80ರಿಂದ 100 ತೆಗೆದುಕೊಳ್ಳುತ್ತಾರೆ. 300ಕ್ಕಿಂತ ಕಡಿಮೆ ಬರುವ ಪುಸ್ತಕಕ್ಕೆ ಈ ಖರ್ಚು ಮಾಡುವುದಿಲ್ಲ.

ಕಳೆದ ವರ್ಷ ಹನ್ನೊಂದು ಕಡೆ ಹೋಗಿದ್ದೆ. ಎರಡು ಕಡೆ ಬರಿಗೈ. ಬೈಂಡಿಂಗ್, ಬಸ್ಸಿನ ಲಗೇಜು ಎಲ್ಲ ಸೇರಿ ಹತ್ತಿರಹತ್ತಿರ 11,000 ಆಯಿತು. ಬಂದದ್ದು 36,000ದ ಸುತ್ತ. ಹಳೇ ವ್ಯಾಪಾರಿ ಒಬ್ಬರು ಮೊನ್ನೆ ನನ್ನ ಬೀರು ನೋಡಲು ಬಂದಿದ್ದರು, ಅರ್ಧ ಗಂಟೆ ನಿಂತು ಒಂದೊಂದೇ ಕಂದು ಬೆನ್ನು ಎಳೆದು ನೋಡಿದರು, ಹೋಗುವಾಗ "ಮುಂದಿನ ಸಲ ಹೋಗುವಾಗ ಒಂದು ಮಾತು ಹೇಳಿ" ಅಂದರು.

ಬರುವ ವಾರ ಇನ್ನೊಂದು ಸೇಲ್ ಇದೆ. ಪಟ್ಟಿ ನೋಡಿ ಬಂದಿದ್ದೇನೆ. 212ರಿಂದ 340ರವರೆಗೆ ಒಂದೇ ಸಾಲಿನಲ್ಲಿ ನಂಬರ್‌ಗಳಿವೆ, ಹೆಸರಿನ ಜಾಗದಲ್ಲಿ ಮುಕ್ಕಾಲು ಪಾಲು ಗೀಟು. ಎರಡು ಅಕ್ಕಿ ಚೀಲ ಒಗೆದು ಒಣಗಿಸಿ ಇಟ್ಟಿದ್ದೇನೆ. ಊರಿನ ಹೆಸರು ಸೇಲ್ ಮುಗಿದ ಮೇಲೆ ಹೇಳುತ್ತೇನೆ.