ನಿಂತುಹೋದ ಗೋಡೆ ಗಡಿಯಾರ: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಅಜ್ಜನ ಕಾಲದ ಲೋಲಕದ ಗಡಿಯಾರ ನಿಂತರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, ‘ಯಾರೋ ಜಾಸ್ತಿ ಕೀ ಕೊಟ್ಟಿದ್ದಾರೆ’. ಇದರಷ್ಟು ಹಳೆಯ ಸುಳ್ಳು ಇನ್ನೊಂದಿಲ್ಲ. ಸ್ಪ್ರಿಂಗನ್ನು ಪೂರ್ತಿ ಸುತ್ತುವುದಕ್ಕೆಂದೇ ಮಾಡಿರುತ್ತಾರೆ. ಸುತ್ತಿದ್ದು ಬಿಚ್ಚಿಕೊಳ್ಳುತ್ತಿಲ್ಲ ಎಂದರೆ ಸುರುಳಿಗಳ ನಡುವಿನ ಎಣ್ಣೆ ಅಂಟಾಗಿದೆ, ಚಕ್ರಗಳಲ್ಲಿ ಜಿಡ್ಡು ಕಟ್ಟಿದೆ, ಇಲ್ಲವೇ ಚಕ್ರಗಳ ಅಚ್ಚು ತಿರುಗುವ ತೂತುಗಳು ಸವೆದಿವೆ. ಕೆಲವು ಸಲ ಇದ್ಯಾವುದೂ ಅಲ್ಲ, ಸುಣ್ಣ ಬಳಿಯುವಾಗ ಇಳಿಸಿದ ಗಡಿಯಾರವನ್ನು ಮತ್ತೆ ಸೊಟ್ಟಗೆ ನೇತುಹಾಕಿರುತ್ತಾರೆ, ಅಷ್ಟೇ.

ನಮ್ಮ ಹಳೆ ಮನೆಗಳಲ್ಲಿ ಸಿಗುವ ಅನ್ಸೋನಿಯಾ, ಸೇತ್ ಥಾಮಸ್‌ನಂಥ ಅಮೆರಿಕದ, ಒಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುವ ಗಡಿಯಾರಗಳನ್ನು ಮನಸ್ಸಿನಲ್ಲಿಟ್ಟು ಇಲ್ಲಿನ ವಿವರ ಕೊಟ್ಟಿದೆ. ಕೀ ಕೊಡಲು ಎರಡು ತೂತು; ಸಾಮಾನ್ಯವಾಗಿ ಬಲಗಡೆಯದು ಸಮಯಕ್ಕೆ, ಎಡಗಡೆಯದು ಗಂಟೆ ಹೊಡೆಯುವುದಕ್ಕೆ.

ಮೊದಲು ಕಿವಿಗೊಡಿ

ಲೋಲಕ ತೂಗಿಬಿಟ್ಟು ಕಣ್ಣು ಮುಚ್ಚಿ ಕೇಳಿ. ಟಿಕ್, ಟಾಕ್ ನಡುವಿನ ಅಂತರ ಎರಡೂ ಕಡೆ ಸಮ ಇರಬೇಕು. ‘ಟಿಕ್‌ಟಾಕ್... ಟಿಕ್‌ಟಾಕ್’ ಎಂದು ಕುಂಟುತ್ತಿದ್ದರೆ ಸ್ವಲ್ಪ ಹೊತ್ತಿಗೇ ನಿಲ್ಲುತ್ತದೆ. ಪೆಟ್ಟಿಗೆಯ ಕೆಳತುದಿಯನ್ನು ನಿಧಾನವಾಗಿ ಎಡಕ್ಕೋ ಬಲಕ್ಕೋ ಸರಿಸಿ, ಬಡಿತ ಸಮವಾಗುವ ಜಾಗ ಹುಡುಕಿ. ಎಡಕ್ಕೆ ಸರಿಸಿದಾಗ ಸಮವಾಯಿತು ಎನ್ನಿ. ಆಗ ಪೆಟ್ಟಿಗೆಯನ್ನು ರಸಮಟ್ಟ ಹಿಡಿದು ನೇರ ಮಾಡಿ, ಲೋಲಕವನ್ನು ತಳ್ಳುವ ಕ್ರಚ್ ಎಂಬ ತಂತಿಯನ್ನು ಎಡಕ್ಕೇ ಕೂದಲೆಳೆಯಷ್ಟು ಬಾಗಿಸಿ. ಮತ್ತೆ ಕೇಳಿ, ಮತ್ತೆ ಬಾಗಿಸಿ. ಸರಿಹೋದ ಮೇಲೆ ಪೆಟ್ಟಿಗೆ ಅಲ್ಲಾಡದಂತೆ ಕೆಳಗೂ ಒಂದು ತಿರುಪು ಹಾಕಿ. ಪೆಟ್ಟಿಗೆಯೇ ಓಲಾಡಿದರೆ ಲೋಲಕದ ಬಲವನ್ನು ಅದು ತಿನ್ನುತ್ತದೆ. ಲೋಲಕ ನೇತಾಡುವ ತೆಳು ಉಕ್ಕಿನ ಪಟ್ಟಿ ತಿರುಚಿದ್ದರೆ ನೇರ ಮಾಡುವ ಗೋಜಿಗೆ ಹೋಗಬೇಡಿ, ಅಷ್ಟೇ ದಪ್ಪದ ಹೊಸದನ್ನು ಹಾಕಿ.

ಇಷ್ಟಕ್ಕೂ ನಡೆಯದಿದ್ದರೆ ಮಾತ್ರ ಬಿಚ್ಚುವ ಮಾತು.

ಸ್ಪ್ರಿಂಗ್ ಇಳಿಸದೆ ತಿರುಪು ಮುಟ್ಟಬೇಡಿ

ಈ ಕೆಲಸದಲ್ಲಿ ಬೆರಳಿಗೆ ಅಪಾಯವಿರುವುದು ಇಲ್ಲೇ. ಒಳಗಿನ ಸ್ಪ್ರಿಂಗು ಮುಕ್ಕಾಲು ಇಂಚು ಅಗಲ, ಸುಮಾರು ಎರಡೂವರೆ ಮೀಟರ್ ಉದ್ದದ ಉಕ್ಕಿನ ಪಟ್ಟಿ. ಡಬ್ಬಿಯೊಳಗೆ ಕೂತಿರುವುದಿಲ್ಲ, ಬಯಲಲ್ಲೇ ಇರುತ್ತದೆ. ಸುತ್ತಿದ ಸ್ಥಿತಿಯಲ್ಲಿ, ಚಕ್ರಗಳನ್ನು ನಡುವೆ ಹಿಡಿದಿಟ್ಟಿರುವ ಹಿತ್ತಾಳೆಯ ಪ್ಲೇಟು ತೆಗೆದರೆ ಚಕ್ರದ ಹಲ್ಲೂ ಉಳಿಯುವುದಿಲ್ಲ, ಕೈಯೂ ಕೊಯ್ಯುತ್ತದೆ.

ಕನ್ನಡಕ, ದಪ್ಪ ಕೈಗವಸು ಹಾಕಿ. ಸುರುಳಿ ಚಿಕ್ಕದಾಗುವವರೆಗೆ ಕೀ ಕೊಟ್ಟು, ಸುತ್ತ ಸಿ ಆಕಾರದ ಉಕ್ಕಿನ ಬಳೆ ತೊಡಿಸಿ. ಈಗ ಕೀ ತಿರುಗಿಸುವಾಗ ಟರ್‌ಟರ್ ಎನ್ನುವ ಪುಟ್ಟ ನಾಲಗೆ, ಅದೇ ಕ್ಲಿಕ್, ಅದರ ಮೇಲಿನ ಭಾರ ತಪ್ಪುವಷ್ಟು ಕೀಯನ್ನು ಮುಂದಕ್ಕೆ ತಿರುಗಿಸಿ ಹಿಡಿದು, ಕ್ಲಿಕ್ಕನ್ನು ಬದಿಗೊತ್ತಿ, ಕೀ ಅಂಗೈಯಲ್ಲಿ ಇಷ್ಟಿಷ್ಟೇ ಜಾರಲು ಬಿಡಿ. ಸ್ಪ್ರಿಂಗು ಬಳೆಗೆ ತಾಗಿ ನಿಲ್ಲುತ್ತದೆ. ರೆಕ್ಕೆಯ ಕೀ ಬೇಡ, ಜಾರಿದರೆ ಬೆರಳಿಗೆ ಬಡಿಯುತ್ತದೆ. ದುಂಡು ಹಿಡಿಯದು ಬೇಕು. ಎರಡೂ ಸ್ಪ್ರಿಂಗಿಗೆ ಹೀಗೇ ಮಾಡಿ. ಕ್ಲಿಕ್ಕಿನ ರಿವೆಟ್ ಸಡಿಲವಾಗಿದೆಯೇ ಎಂದು ಆಗಲೇ ನೋಡಿಕೊಳ್ಳಿ. ಇದೊಂದು ಕಳಚಿದರೆ ಇಡೀ ಸ್ಪ್ರಿಂಗು ಒಮ್ಮೆಲೇ ಬಿಚ್ಚಿ ಹಲ್ಲುಗಳನ್ನು ಮುರಿದುಹಾಕುತ್ತದೆ. ಅನ್ಸೋನಿಯಾ ಕಂಪನಿ ತನ್ನ ಯಂತ್ರಗಳನ್ನು 1929ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮಾರಿಬಿಟ್ಟಿತು; ಮುರಿದ ಚಕ್ರಕ್ಕೆ ಬದಲಿ ಬೇಕೆಂದರೆ ಗುಜರಿಗೆ ಬಿದ್ದ ಇನ್ನೊಂದು ಗಡಿಯಾರವನ್ನೇ ಹುಡುಕಬೇಕು.

ಬಿಚ್ಚುವಾಗ ಹಂತ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಗಂಟೆ ಹೊಡೆಯುವ ಭಾಗದ ಚಕ್ರಗಳನ್ನು ಬೇರೆ ತಟ್ಟೆಯಲ್ಲಿಡಿ.

ಹುಣಸೆಹಣ್ಣು ಬೇಡ

ಹಿತ್ತಾಳೆ ಕಂಡರೆ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ದೀಪದ ಕಂಬಕ್ಕೆ ಅದು ಸರಿ, ಇಲ್ಲಿ ಸಲ್ಲ. ಹುಳಿ ತೂತಿನೊಳಗೆ ಉಳಿದು ಉಕ್ಕಿನ ಅಚ್ಚಿಗೆ ತುಕ್ಕು ಹಿಡಿಸುತ್ತದೆ. ಬೂದಿ, ರಂಗೋಲಿ ಪುಡಿಯ ಕಣಗಳು ಮೆದು ಹಿತ್ತಾಳೆಯಲ್ಲಿ ಹೂತು, ಮುಂದೆ ಉಕ್ಕನ್ನೇ ಅರೆಯುತ್ತವೆ.

ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ, 50 ಮಿ.ಲೀ. ಮನೆಬಳಕೆಯ ಅಮೋನಿಯಾ ದ್ರಾವಣ ಸೇರಿಸಿ. ಕಿಟಕಿ ತೆರೆದಿರಲಿ, ಬ್ಲೀಚ್ ಹತ್ತಿರವೂ ಸುಳಿಯಬಾರದು. ಹತ್ತು ನಿಮಿಷ ನೆನೆಸಿ, ಮೆದು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ರಾತ್ರಿಯಿಡೀ ಬಿಡಬೇಡಿ. ಬಿಗುವಿನಲ್ಲಿರುವ ಹಿತ್ತಾಳೆಯನ್ನು ಅಮೋನಿಯಾ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಇದೇ ದೇಶದ ಕುದುರೆ ಲಾಯಗಳಲ್ಲಿಟ್ಟ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಬಿರುಕು ಬಿಡುತ್ತಿದ್ದುದಕ್ಕೆ ಕಾರಣ, ಗಂಜಲದಿಂದೇಳುವ ಅಮೋನಿಯಾ. ನೀರಿನಲ್ಲಿ ಜಾಲಾಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಅದು ಆರಿದ ಮೇಲೆ ಹೇರ್ ಡ್ರೈಯರ್‌ನಿಂದ ಒಣಗಿಸಿ. ಆಲ್ಕೊಹಾಲ್ ಪೂರ್ತಿ ಆರುವ ಮುನ್ನ ಡ್ರೈಯರ್ ಹಚ್ಚಿದರೆ ಬೆಂಕಿ ಹೊತ್ತೀತು. ಸ್ಪ್ರಿಂಗುಗಳನ್ನು ನೀರಿಗೆ ಹಾಕದೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ಸಾಕು.

ಕೊನೆಗೆ ಬಿದಿರಿನ ಹಲ್ಲುಕಡ್ಡಿಯನ್ನು ಚೂಪಾಗಿ ಕೆತ್ತಿ ಪ್ರತಿ ತೂತಿನಲ್ಲೂ ತಿರುವಿ. ಕಪ್ಪು ಬರುತ್ತಲೇ ಇರುತ್ತದೆ. ಕಡ್ಡಿ ಬೆಳ್ಳಗೆ ಹೊರಬರುವವರೆಗೆ ಹೊಸ ಹೊಸ ಕಡ್ಡಿ ಹಿಡಿಯಿರಿ. ಬೇಸರದ ಕೆಲಸ, ಆದರೆ ಇದನ್ನು ಹಾರಿಸಿದ ರಿಪೇರಿ ಹೆಚ್ಚು ದಿನ ಬಾಳುವುದಿಲ್ಲ.

ಸವೆದ ತೂತಿಗೆ ಬುಷ್

ಚಕ್ರವನ್ನು ಹಿಡಿದು ಆಚೀಚೆ ಅಲ್ಲಾಡಿಸಿ. ಅಚ್ಚಿನ ಮೊನೆ ತೂತಿನಲ್ಲಿ ಓಡಾಡಿದರೆ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ. ಹಿಂದಿನ ರಿಪೇರಿಯವರು ಕೆಲವರು ತೂತಿನ ಸುತ್ತ ಪಂಚ್‌ನಿಂದ ಗುದ್ದಿ ಹಿತ್ತಾಳೆಯನ್ನು ಒಳಕ್ಕೆ ತಳ್ಳುತ್ತಿದ್ದರು. ಆ ಚುಕ್ಕೆಗಳು ಇಂದಿಗೂ ಕಾಣುತ್ತವೆ. ಅದು ತಾತ್ಕಾಲಿಕ, ಪ್ಲೇಟಿಗೂ ಹಾನಿ.

ಸವೆತ ಒಂದೇ ಬದಿಗೆ ಆಗಿರುತ್ತದೆ. ನೇರವಾಗಿ ರೀಮರ್ (ತೂತನ್ನು ದುಂಡಗೆ ಕೊರೆದು ದೊಡ್ಡದು ಮಾಡುವ ಹತಾರ) ಹಾಕಿದರೆ ಅದು ಸವೆದ ಕಡೆಗೇ ವಾಲಿ, ತೂತಿನ ಕೇಂದ್ರ ತಪ್ಪಿ, ಹಲ್ಲುಗಳು ಸರಿಯಾಗಿ ಕಚ್ಚುವುದಿಲ್ಲ. ಹಾಗಾಗಿ ಮೊದಲು ಎದುರು ಬದಿಯನ್ನೂ ಅಷ್ಟೇ ಪ್ರಮಾಣದಲ್ಲಿ ಸಣ್ಣ ದುಂಡು ಅರದಿಂದ ಉಜ್ಜಿ. ಆಮೇಲೆ ಪ್ಲೇಟಿನ ಒಳಮೈಯಿಂದ ರೀಮ್ ಮಾಡಿ, ಬುಷ್ ಎಂಬ ಪುಟ್ಟ ಹಿತ್ತಾಳೆ ಕೊಳವೆಯನ್ನು ಒತ್ತಿ ಕೂರಿಸಿ. ಮೊನೆಯಲ್ಲಿ ಗೀರುಗಳಿದ್ದರೆ 1200, ಆಮೇಲೆ 2000 ನಂಬರಿನ ಎಮರಿ ಕಾಗದದಿಂದ ನುಣುಪು ಮಾಡಿ, ಆನಂತರ ಬುಷ್‌ನ ತೂತನ್ನು ಅದಕ್ಕೆ ಹೊಂದಿಸಿ. ಚಕ್ರ ಒಂದೇ ತೂತಿನಲ್ಲಿ ನಿಂತಾಗ ಎಲ್ಲ ಕಡೆಗೂ ಸುಮಾರು 5 ಡಿಗ್ರಿ ವಾಲಬೇಕು. ಅದಕ್ಕಿಂತ ಬಿಗಿ ಇದ್ದರೆ ಎಣ್ಣೆ ಹಾಕಿದ ಮೇಲೆ ನಿಲ್ಲುತ್ತದೆ.

ಜೋಡಣೆ, ಎಣ್ಣೆ

ಮೇಲಿನ ಪ್ಲೇಟನ್ನು ಒತ್ತಬೇಡಿ. ಚಿಮುಟದಿಂದ ಒಂದೊಂದೇ ಮೊನೆಯನ್ನು ತೂತಿಗೆ ತೋರಿಸಿ; ಒತ್ತಿದರೆ ಮೊನೆ ಮುರಿಯುತ್ತದೆ. ಗಂಟೆಯ ಭಾಗದಲ್ಲಿ, ಎಷ್ಟು ಹೊಡೆಯಬೇಕೆಂದು ನಿರ್ಧರಿಸುವ ಎಣಿಕೆ ಚಕ್ರದ ಆಳದ ಕಚ್ಚಿಗೆ ಕೊಕ್ಕೆ ಇಳಿದ ಹೊತ್ತಿಗೇ, ಚಕ್ರಗಳ ಓಟ ನಿಲ್ಲಿಸುವ ತಡೆಪಿನ್ನು ನಿಂತಿರಬೇಕು, ಸುತ್ತಿಗೆಯ ಬಾಲ ಯಾವ ಪಿನ್ನಿಗೂ ತಾಗಿರಬಾರದು. ತಾಗಿದ್ದರೆ ಸುತ್ತಿಗೆ ಅರ್ಧಕ್ಕೆ ಎದ್ದು ನಿಲ್ಲುತ್ತದೆ, ಮುಂದಿನ ಸಲ ಹೊರಡಲು ಬಲ ಸಾಲದು. ಈ ಚಕ್ರ 12 ಗಂಟೆಯಲ್ಲಿ 78 ಹೊಡೆತ ಎಣಿಸುತ್ತದೆ, ಅರ್ಧ ಗಂಟೆಗೂ ಹೊಡೆಯುವುದಾದರೆ 90. ಮುಳ್ಳು ನಾಲ್ಕಕ್ಕಿದ್ದು ಏಳು ಹೊಡೆದರೆ ಗಾಬರಿ ಬೇಡ, ಎಣಿಕೆಯ ಕೊಕ್ಕೆ ಎತ್ತಿ ಎತ್ತಿ ಹೊಡೆಸಿ ಹೊಂದಿಸಿಕೊಳ್ಳಿ.

ಎಣ್ಣೆ ಗಡಿಯಾರದ್ದೇ ಆಗಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಬೆಂಗಳೂರು, ಮಡಿಕೇರಿಗಳಲ್ಲಿ ಗಡಿಯಾರ ನಿಲ್ಲುವುದಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ತೂತಿನ ಸುತ್ತಲ ಗುಳಿ ಅರ್ಧ ತುಂಬುವಷ್ಟು ಎಣ್ಣೆ ಸಾಕು. ಹಲ್ಲುಗಳಿಗೆ ಮುಟ್ಟಿಸಲೇಬೇಡಿ, ಧೂಳು ಹಿಡಿದು ಅರವಾಗುತ್ತದೆ. ಮರದ ಪೆಟ್ಟಿಗೆಗೆ ತೆಳುವಾಗಿ ಫ್ರೆಂಚ್ ಪಾಲಿಶ್ ಕೊಡಬಹುದು. ಕಾಗದದ ಮುಖಕ್ಕೆ ನೀರು ತಾಗಿಸಬಾರದು.

ವೇಗ ಸರಿಪಡಿಸಲು ಲೋಲಕದ ಗುಂಡಿನ ಕೆಳಗಿನ ತಿರುಪು ಬಳಸಿ. ನಿಮಿಷಕ್ಕೆ 120 ಬಡಿತದ ಗಡಿಯಾರದಲ್ಲಿ ಗುಂಡು ಒಂದು ಮಿ.ಮೀ. ಮೇಲೇರಿದರೆ ದಿನಕ್ಕೆ ಸುಮಾರು 3 ನಿಮಿಷ ಮುಂದೆ ಹೋಗುತ್ತದೆ. ಆದರೆ ಕೀ ಕೊಟ್ಟ ದಿನ ಸ್ಪ್ರಿಂಗಿನ ಬಲ ಹೆಚ್ಚು, ಏಳನೆಯ ದಿನ ಕಡಿಮೆ. ಆದ್ದರಿಂದ ನಡಿಗೆಯೂ ದಿನದಿಂದ ದಿನಕ್ಕೆ ತುಸು ಬದಲಾಗುತ್ತದೆ. ಮರುದಿನವೇ ತಿರುಪಿಗೆ ಕೈಹಾಕದೆ, ಈ ಭಾನುವಾರ ಕೀ ಕೊಟ್ಟು ಮುಂದಿನ ಭಾನುವಾರ ಎಷ್ಟು ಹೆಚ್ಚುಕಡಿಮೆಯಾಯಿತೆಂದು ಲೆಕ್ಕ ಹಾಕಿ, ಅದನ್ನು ಏಳರಿಂದ ಭಾಗಿಸಿ, ಆಮೇಲೆ ತಿರುಗಿಸಿ.