ನಿಘಂಟು ಮುಚ್ಚಿಟ್ಟು ‘ನ್ಯೂ ಸನ್’ ಓದಿದ್ದು

ನಾಲ್ಕನೇ ಪ್ರಯತ್ನದಲ್ಲಿ ಮುಗಿಸಿದೆ. ಜೀನ್ ವುಲ್ಫ್ ಬರೆದ ಇಂಗ್ಲಿಷ್ ಕಾದಂಬರಿ ಸರಣಿ ‘ದ ಬುಕ್ ಆಫ್ ದ ನ್ಯೂ ಸನ್’, ನಾಲ್ಕೂ ಭಾಗ, ಒಂದು ಪುಟವನ್ನೂ ಹಾರಿಸದೆ. ಮುಗಿದ ಮೇಲೆ ಇನ್ನೊಂದು ಸಲವೂ ಓದಿದೆ. ನಿಘಂಟು ಮುಟ್ಟದೆ ಓದುತ್ತೇನೆ ಎಂದಾಗ ನಮ್ಮ ಓದಿನ ಗುಂಪಿನಲ್ಲಿ ಯಾರೂ ನಂಬಲಿಲ್ಲ. ‘ಎರಡನೇ ಭಾಗದಲ್ಲೇ ನಿಲ್ಲಿಸ್ತೀಯ ನೋಡು’ ಅಂದರು. ಈಗ ಅವರಲ್ಲಿ ಇಬ್ಬರು ನನ್ನ ದಾರಿಯಲ್ಲೇ ಓದುತ್ತಿದ್ದಾರೆ.

ದೂರದ ಭವಿಷ್ಯದಲ್ಲಿ, ಕೈದಿಗಳಿಗೆ ಚಿತ್ರಹಿಂಸೆ ಕೊಡುವ ಪೀಡಕರ ಸಂಘದಲ್ಲಿ ಬೆಳೆದ ಸೆವೇರಿಯನ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಅದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ. ಇದನ್ನು ಓದುತ್ತಿರುವವರು ಒಂದು ಸಲವಾದರೂ ಮೊದಲ ಭಾಗವನ್ನು ಕೈಗೆತ್ತಿಕೊಂಡವರೇ ಇರುತ್ತೀರಿ, ಅಲ್ವಾ? ಎಲ್ಲಿ ಕೈಬಿಟ್ಟಿರಿ ಎಂಬುದೂ ನನಗೆ ಹೆಚ್ಚುಕಡಿಮೆ ಗೊತ್ತು.

ಮೊದಲ ಸಲ ನಾನು ಸಿಕ್ಕಿಬಿದ್ದಿದ್ದು ಹಳೆಯ, ಅಪರೂಪದ ಪದಗಳಲ್ಲಿ. ಎಕ್ಸಲ್ಟಂಟ್, ಆರ್ಮಿಜರ್, ಆಪ್ಟಿಮೇಟ್, ಡೆಸ್ಟ್ರಿಯರ್. ಪುಟಕ್ಕೆ ಐದಾರು ಪದ ಹುಡುಕುತ್ತಿದ್ದೆ. ಈ ಸರಣಿಗೆಂದೇ ಮಾಡಿದ ದಪ್ಪ ನಿಘಂಟನ್ನೂ ಕೊಂಡೆ. ಒಂದು ಸಂಜೆಗೆ ಮೂರು ನಾಲ್ಕು ಪುಟ ಆದರೆ ಹೆಚ್ಚು. ಸುಮಾರು 60ನೇ ಪುಟಕ್ಕೆ ಪುಸ್ತಕ ಮುಚ್ಚಿದೆ. ಪದಗಳೆಲ್ಲ ಗೊತ್ತಾಗಿದ್ದವು, ಕಥೆ ಮಾತ್ರ ತಲೆಯಲ್ಲಿ ಉಳಿದಿರಲಿಲ್ಲ.

ಎರಡನೇ ಸಲ ಅಧ್ಯಾಯಗಳ ಸಾರಾಂಶ ಮೊದಲು ಓದಿ, ಆಮೇಲೆ ಪುಸ್ತಕ ಓದಿದೆ. ಇದು ಇನ್ನೂ ದೊಡ್ಡ ತಪ್ಪು. ಡೋರ್ಕಸ್ ಯಾರು ಎಂಬುದು ಅವಳು ನೀರಿನಿಂದ ಮೇಲೆ ಬರುವ ಮೊದಲೇ ನನಗೆ ಗೊತ್ತಾಗಿಬಿಟ್ಟಿತ್ತು. ಆ ಗುಟ್ಟನ್ನು ನಾನೇ ಕಂಡುಕೊಳ್ಳುವ ಅವಕಾಶ ಇನ್ನೆಂದೂ ಸಿಗುವುದಿಲ್ಲ. ಅದರ ಬೇಸರ ಈಗಲೂ ಇದೆ.

ಮೂರನೇ ಸಲ ಆಡಿಯೋ. ಕೆಲಸ ಮಾಡುತ್ತಾ ಕೇಳಿದೆ. ಎರಡು ನಿಮಿಷ ಗಮನ ತಪ್ಪಿದರೂ ಯಾರು ಎಲ್ಲಿದ್ದಾರೆ ತಿಳಿಯುತ್ತಿರಲಿಲ್ಲ. ಅದಕ್ಕೆ ಕೊಟ್ಟ ದುಡ್ಡು ಪೂರ್ತಿ ದಂಡ.

ದುಡ್ಡಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮೊದಲ ಭಾಗ ನೆಸಸ್ ನಗರದ ದೊಡ್ಡ ಗೋಡೆಯ ಬಾಗಿಲಲ್ಲಿ, ಗಲಾಟೆ ಎದ್ದ ಹೊತ್ತಿಗೇ ನಿಂತುಬಿಡುತ್ತದೆ. ಎರಡನೆಯದು ಶುರುವಾಗುವಾಗ ಸೆವೇರಿಯನ್ ಸಾಲ್ಟಸ್ ಎಂಬ ಹಳ್ಳಿಯಲ್ಲಿದ್ದಾನೆ. ಜೊತೆಗಿದ್ದವರು ಚದುರಿಹೋಗಿದ್ದಾರೆ. ಬಾಗಿಲಲ್ಲಿ ಏನಾಯಿತು ಎಂಬುದೇ ಇಲ್ಲ. ನನ್ನ ಪ್ರತಿಯಲ್ಲಿ ಪುಟಗಳು ಬಿಟ್ಟುಹೋಗಿವೆ ಅಂದುಕೊಂಡು ಅದೇ ಭಾಗದ ಇನ್ನೊಂದು ಪ್ರತಿ ತರಿಸಿದೆ. ಅದರಲ್ಲೂ ಹಾಗೇ ಇತ್ತು! ಬಿಡಿ ಪ್ರತಿಗಳು, ನಿಘಂಟು, ಆಡಿಯೋ, ಕೊನೆಗೆ ಎರಡೆರಡು ಭಾಗ ಸೇರಿಸಿದ ದಪ್ಪ ಸಂಪುಟಗಳು. ಎಲ್ಲ ಸೇರಿ ಒಂದು ಸೆಟ್ಟಿಗೆ ಆಗಬೇಕಾದ ಖರ್ಚಿನ ಮೂರು ಪಟ್ಟು ಆಗಿರಬೇಕು. ಆ ದಪ್ಪ ಸಂಪುಟಗಳೆರಡೇ ಸಾಕು, 800ರ ಚಿಲ್ಲರೆ ಪುಟ. ಉಳಿದದ್ದು ಬೇಕಾಗಿರಲಿಲ್ಲ.

ದಾರಿ ಸಿಕ್ಕಿದ್ದು ಮೊದಲ ಭಾಗದ ಕೊನೆಯಲ್ಲಿರುವ ಚಿಕ್ಕ ಟಿಪ್ಪಣಿಯಲ್ಲಿ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಈ ಪುಸ್ತಕ ಇನ್ನೂ ಹುಟ್ಟಿರದ ಒಂದು ಭಾಷೆಯಿಂದ ಬಂದ ಅನುವಾದ, ಅಂತ ವುಲ್ಫ್ ಅಲ್ಲಿ ಕಥೆ ಕಟ್ಟುತ್ತಾರೆ. ಹಳೆಯ ಪದಗಳನ್ನು ಹತ್ತಿರದ ಸೂಚನೆಗೆ ಬಳಸಿದ್ದೇನೆ, ಅದೇ ಖಚಿತ ಅರ್ಥವಲ್ಲ ಅನ್ನುತ್ತಾರೆ. ಡೆಸ್ಟ್ರಿಯರ್‌ಗಳನ್ನು ಕುದುರೆ ಎನ್ನಲು ಹಿಂಜರಿದೆ, ಅವು ನಮಗೆ ಗೊತ್ತಿರುವ ಕುದುರೆಗಳಿಗಿಂತ ಎಷ್ಟೋ ವೇಗದ, ದಣಿವರಿಯದ ಪ್ರಾಣಿಗಳು ಅನ್ನುತ್ತಾರೆ. ನಿಘಂಟು ತೆಗೆದರೆ ಡೆಸ್ಟ್ರಿಯರ್ ಎಂದರೆ ಯುದ್ಧದ ಕುದುರೆ. ಅಂದರೆ ನಾನು ಅಷ್ಟು ದಿನ ಕಷ್ಟಪಟ್ಟು ತಪ್ಪು ಚಿತ್ರ ಕಟ್ಟಿಕೊಳ್ಳುತ್ತಿದ್ದೆ.

ಅವತ್ತೇ ನಿಘಂಟನ್ನು ಕಪಾಟಿನ ಮೇಲಿಟ್ಟೆ. ದಿನಕ್ಕೆ 20 ಪುಟ, ಅದಕ್ಕಿಂತ ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ, ಮುಂದಕ್ಕೆ. ಹಳಗನ್ನಡ ಕೇಳುವಾಗ ನಾವು ಹಾಗೇ ಮಾಡುತ್ತೇವಲ್ಲ. ಪ್ರತಿ ಪದ ತಿಳಿಯದಿದ್ದರೂ ಓಟ ಹಿಡಿದುಕೊಂಡು ಹೋಗುತ್ತೇವೆ, ಅರ್ಥ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಸುಮಾರು ಆರು ವಾರದಲ್ಲಿ ನಾಲ್ಕೂ ಮುಗಿದವು. ಚುಕ್ಕೆ ಇಟ್ಟ ಪದಗಳಲ್ಲಿ ಮುಕ್ಕಾಲು ಪಾಲು ತಾವಾಗೇ ತಿಳಿದಿದ್ದವು.

ನಡುವೆ ಒಂದು ಆಟ ಶುರುಮಾಡಿದೆ. ಇಷ್ಟವಾದ ಪದಗಳಿಗೆ ಕನ್ನಡ ಹುಡುಕುವುದು. ಪೀಡಕರ ನಿಲುವಂಗಿಯ ಬಣ್ಣ ಫ್ಯೂಲಿಜಿನ್, ಕಪ್ಪಿಗಿಂತ ಕಪ್ಪು. ಲ್ಯಾಟಿನ್‌ನಲ್ಲಿ ಫ್ಯೂಲಿಗೋ ಎಂದರೆ ಮಸಿ. ಗೆಳೆಯರೊಬ್ಬರು ‘ಕಗ್ಗಪ್ಪು’ ಎಂದರು. ನಾನು ‘ಮಸಿಗಪ್ಪು’ ಎಂದೇ ಬರೆದುಕೊಂಡೆ. ಮಸಿ ಕೈಗೂ ಮೆತ್ತುತ್ತದೆ, ಆ ಕಸುಬಿನ ಹಾಗೆ. ಪೀಡಕರು ತಮ್ಮ ಕೈಗೆ ಸಿಕ್ಕವರನ್ನು ‘ಕ್ಲೈಂಟ್’ ಅನ್ನುತ್ತಾರೆ. ಅದನ್ನು ‘ಕಕ್ಷಿದಾರ’ ಎಂದು ಬರೆದ ದಿನ ಮೈ ಜುಮ್ಮೆಂದಿತು. ಇಂಗ್ಲಿಷ್‌ನಲ್ಲಿ ಓದುವಾಗ ಆ ಪದದ ಮೇಲೆ ಸುಮ್ನೆ ಜಾರಿಹೋಗಿದ್ದೆ. ಹೀಗೆ 40 ಪದ ಆಗಿರಬಹುದು. ಈ ಪಟ್ಟಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಿಜವಾದ ಓದು ಎರಡನೆಯ ಸುತ್ತಿನದು. ಒಂದು ನೋಟ್‌ಬುಕ್, ಮೂರು ಕಾಲಂ: ಸೆವೇರಿಯನ್ ಹೇಳಿದ್ದು, ಅವನು ಹೇಳದೆ ಬಿಟ್ಟದ್ದು, ನನ್ನ ಊಹೆ. ತಾನು ಯಾವುದನ್ನೂ ಮರೆಯುವುದಿಲ್ಲ ಎಂದು ಸೆವೇರಿಯನ್ ಮತ್ತೆ ಮತ್ತೆ ಹೇಳುತ್ತಾನೆ. ಆದರೆ ಮರೆಯದವನು ಎಲ್ಲವನ್ನೂ ಹೇಳಬೇಕು ಅಂತೇನಿಲ್ಲ. ಪೀಡಕರ ಸೆರೆಯಲ್ಲಿದ್ದ ಥೆಕ್ಲಾ ಜೊತೆಗಿನ ಅವನ ಸಂಬಂಧ ಎಲ್ಲಿಯವರೆಗೆ ಹೋಗಿತ್ತು ಎಂಬುದನ್ನು ಅದು ನಡೆದ ಜಾಗದಲ್ಲೇ ಹುಡುಕಿ ನೋಡಿ. ಆಮೇಲೆ ಮುಂದಿನ ಭಾಗಗಳಲ್ಲಿ ಹುಡುಕಿ.

ಚಿತ್ರ ಶುಚಿ ಮಾಡುವ ಮುದುಕ ರುಡೆಸಿಂಡ್‌ನ ದೃಶ್ಯವೂ ಹಾಗೇ. ಮರುಭೂಮಿಯಲ್ಲಿ ನಿಂತ ಕವಚಧಾರಿ, ಕಣ್ಣಿಗೆ ಕಿಂಡಿಯಿಲ್ಲದ ಚಿನ್ನದ ಮುಖಗವಸು, ಕೈಯಲ್ಲಿ ಬಿರುಸಾಗಿ ನಿಂತ ವಿಚಿತ್ರ ಬಾವುಟ. ಮೊದಲ ಸಲ ಯಾರೋ ಯೋಧ ಅಂದುಕೊಂಡು ಮುಂದೆ ಹೋಗಿದ್ದೆ. ಎರಡನೇ ಸಲ ಪೆನ್ಸಿಲ್ ಕೈಯಿಂದ ಬಿತ್ತು. ಅದು 1969ರ ಆಸುಪಾಸಿನ, ಚಂದ್ರನ ಮೇಲೆ ನಿಂತ ಮನುಷ್ಯನ ಚಿತ್ರ! ಸೆವೇರಿಯನ್‌ನ ಕಾಲಕ್ಕೆ ಚಂದ್ರ ಹಸಿರಾಗಿದ್ದಾನೆ, ಹಾಗಾಗಿ ಅವನಿಗೆ ಗುರುತೇ ಸಿಗುವುದಿಲ್ಲ. ಅವನು ಬೆಳೆದ ಗೋಪುರ ಹಿಂದೆ ಏನಾಗಿತ್ತು ಎಂಬುದೂ ಇದೇ ಕಣ್ಣಿಂದ ನೋಡಿದರೆ ಕಾಣುತ್ತದೆ.

ಒಂದು ಪ್ರಯೋಗ ಕೈಕೊಟ್ಟಿತು. ಒಳಗಥೆಗಳನ್ನಷ್ಟೇ ಬೇರೆ ತೆಗೆದು ಸಾಲಾಗಿ ಓದಿ ನೋಡಿದೆ. ಸಪ್ಪೆಯಾಯಿತು, ಅವುಗಳ ಜಾಗದಲ್ಲಿದ್ದರೇ ಅವಕ್ಕೆ ಜೀವ. ನಾಲ್ಕನೇ ಭಾಗದಲ್ಲಿ ಬರುವ, ಏಸಿಯನ್ (Ascian) ಎಂಬ ಶತ್ರು ಜನರ ಕಡೆಯ ಕೈದಿಯ ಕಥೆ ಮಾತ್ರ ಎಲ್ಲಿಟ್ಟರೂ ನಿಲ್ಲುತ್ತದೆ. ಸರ್ಕಾರ ಒಪ್ಪಿದ ಸಿದ್ಧವಾಕ್ಯಗಳನ್ನು ಬಿಟ್ಟು ಬೇರೆ ಮಾತಾಡಲಾಗದವನು ಅವನು. ಆ ವಾಕ್ಯಗಳಲ್ಲೇ ಪೂರ್ತಿ ಕಥೆ ಹೇಳುತ್ತಾನೆ, ಗಾಯಗೊಂಡ ಸೈನಿಕ ಹೆಣ್ಣು ಫೋಯಿಲಾ ಅದನ್ನು ಬಿಡಿಸಿ ಹೇಳುತ್ತಾ ಹೋಗುತ್ತಾಳೆ. ಗುಂಪಿನಲ್ಲಿ ಇಬ್ಬರು ಅದನ್ನು ಗಟ್ಟಿಯಾಗಿ ಓದಿದೆವು. ನನ್ನನ್ನು ನಂಬದಿದ್ದವರೂ ಆಗ ಸುಮ್ಮನೆ ಕೂತು ಕೇಳಿದರು.

ಎರಡನೇ ಸುತ್ತನ್ನು ನಾನು ಮೊದಲ ಅಧ್ಯಾಯದಿಂದ ಶುರುಮಾಡಲಿಲ್ಲ. ಎಲ್ಲಿಂದ ಎಂಬುದನ್ನು ಹೇಳುವುದಿಲ್ಲ. ಒಮ್ಮೆ ಪೂರ್ತಿ ಓದಿದವರಿಗೆ ಅದು ತಾನಾಗೇ ಹೊಳೆಯುತ್ತದೆ.

1987ರಲ್ಲಿ ಬಂದ ಐದನೆಯ ಪುಸ್ತಕ ‘ದ ಅರ್ಥ್ ಆಫ್ ದ ನ್ಯೂ ಸನ್’ ಈಗ ಮೇಜಿನ ಮೇಲಿದೆ. ನೋಟ್‌ಬುಕ್‌ನ ಮೂರನೇ ಕಾಲಂನಲ್ಲಿ ಇನ್ನೂ ಹನ್ನೊಂದೋ ಹನ್ನೆರಡೋ ಊಹೆಗಳು ಉತ್ತರಕ್ಕೆ ಕಾಯುತ್ತಿವೆ. ನಾಳೆಯಿಂದ ಮತ್ತೆ ದಿನಕ್ಕೆ 20 ಪುಟ.